ಹಗ್ಗದ ನನ್ನ ತುದಿ

ನಮ್ಮ ವಂಶದಲ್ಲಿ ದೇವಸ್ಥಾನಕ್ಕೆ ಸಂಬಂಧಪಡದ ಕೆಲಸಕ್ಕೆ ಕೈಹಾಕಿದ ಮೊದಲಿಗ ನಾನು. ನಂಜನಗೂಡಿನ ನಮ್ಮ ಬೀದಿಯಲ್ಲಿ ಇದನ್ನು ಸಾಧನೆಯೆಂದು ಯಾರೂ ಎಣಿಸಲಿಲ್ಲ. ಮೈಸೂರಿನಲ್ಲಿ ದೈಹಿಕ ಶಿಕ್ಷಣದ ತರಬೇತಿಗೆ ಸೇರುತ್ತೇನೆಂದು ನಾನು ಬಾಯಿಬಿಟ್ಟ ದಿನ ನಮ್ಮ ತಂದೆಯವರು ಸಂಧ್ಯಾವಂದನೆ ಮುಗಿಸಿ, ಪಂಚಪಾತ್ರೆ ಒರೆಸಿಟ್ಟು, ನಿಧಾನವಾಗಿ ಹೇಳಿದ್ದು ಇಷ್ಟೆ: "ಶಂಖ ಊದೋ ವಂಶದಲ್ಲಿ ಸೀಟಿ ಊದೋನು ಹುಟ್ಟಿದ. ಒಟ್ಟಿನಲ್ಲಿ ಊದೋದು ತಪ್ಪಲಿಲ್ಲ, ಬಿಡು."

ತರಬೇತಿ ಒಂದು ವರ್ಷದ್ದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮನುಷ್ಯನ ಮೈಯಲ್ಲಿರುವ ಮೂಳೆಗಳ ಹೆಸರು, ಖೊಖೊ ಅಂಕಣದ ಅಳತೆ, ಲೇಜಿಮ್ ಹಿಡಿಯುವ ಬಗೆ, ಮೇಲಿನವರು ಬಂದಾಗ ಎದೆಯನ್ನು ಎಷ್ಟು ಉಬ್ಬಿಸಬೇಕೆಂಬ ಲೆಕ್ಕ, ಇವು ಪಠ್ಯ. ಕಲಿತದ್ದು ಮೈಗೆ ಹತ್ತಲಿ ಎಂದು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಿಗೆ ನಮ್ಮನ್ನು ಸ್ವಯಂಸೇವಕರಾಗಿ ಕಳಿಸುತ್ತಿದ್ದರು. ನೋಟೀಸು ಬೋರ್ಡಿನ ಮೇಲೆ ಬರೆದಿತ್ತು: ಸ್ವಯಂಸೇವೆ ಕಡ್ಡಾಯ, ತಪ್ಪಿಸಿಕೊಂಡವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಸಂಸ್ಕೃತದ ಮನೆಯಲ್ಲಿ ಬೆಳೆದ ನಾನು ಆ ವಾಕ್ಯದ ಮುಂದೆ ಸ್ವಲ್ಪ ಹೊತ್ತು ಕೈಕಟ್ಟಿ ನಿಂತೆ. ಆಮೇಲೆ ಎಲ್ಲರಂತೆ ಸಹಿ ಹಾಕಿದೆ.

ನನ್ನ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಜೊತೆಗಾರನಾಗಿ ಬಂದವನು ಬದನವಾಳು ಕಡೆಯ ಒಕ್ಕಲು ಮನೆತನದವನು, ನನ್ನ ತರಗತಿಯವನೇ. ಕಬಡ್ಡಿ ಆಡಿ ಆಡಿ ಹೆಗಲು ಕೋಣದ ಹೆಗಲಿನಂತಾಗಿತ್ತು. ಗದ್ದೆಯಲ್ಲಿ ಮಾಡುವ ಕೆಲಸ ಬಿಟ್ಟು ಮೈದಾನದಲ್ಲಿ ಬೆವರು ಸುರಿಸಲು ಓದು ಬೇರೆ ಬೇಕೇ ಎಂದು ಅವನ ಮನೆಯಲ್ಲೂ ಕೇಳಿದ್ದರಂತೆ. ಹೀಗಾಗಿ ನಮ್ಮಿಬ್ಬರಿಗೂ ಹೊಂದಿಕೆಯಾಗಿತ್ತು.

ಮುಂಜಾನೆಯ ಬಸ್ಸಿಗೆ ಹೋಗಿ ಇಳಿದೆವು. ಕೂಟದ ಕಾರ್ಯದರ್ಶಿಗಳು ಒಬ್ಬ ಹಿರಿಯ ಡ್ರಿಲ್ ಮೇಷ್ಟರು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಎರಡು ಸೀಟಿ. ಎರಡೇಕೆ ಎಂಬುದು ಮೊದಲು ಹೊಳೆಯಲಿಲ್ಲ. ಒಂದು ಮಕ್ಕಳಿಗೆ, ಇನ್ನೊಂದು ನಮಗೆ ಎಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಅಲ್ಲಿ ಎದೆಗೆ ಚುಚ್ಚಿಕೊಳ್ಳುವ ರಿಬ್ಬನ್ನಿನ ಹೂವಿನಲ್ಲೂ ಮೇಲುಕೀಳು. ಮುಖ್ಯ ಅತಿಥಿಗಳದು ಡೇರೆ ಹೂವಿನಷ್ಟು ದೊಡ್ಡದು, ಎರಡು ಬಾಲದ್ದು. ಕಾರ್ಯದರ್ಶಿಗಳದು ಒಂದು ಬಾಲದ್ದು. ತೀರ್ಪುಗಾರರದು ಬಾಲವಿಲ್ಲದ್ದು. ನಮಗೆ ಹೂವೇ ಇಲ್ಲ, ಬೆಂಕಿಪೊಟ್ಟಣದಷ್ಟು ಅಗಲದ ರಟ್ಟಿನ ತುಂಡು. ಅದನ್ನು ಚುಚ್ಚಲು ಗುಂಡುಪಿನ್ನು ನಾವೇ ತರಬೇಕಿತ್ತು.

ಮಾನವ ಶರೀರದ ಮೂಳೆಗಳನ್ನೆಲ್ಲ ಬಲ್ಲ ನಮ್ಮಿಬ್ಬರಿಗೆ ಕಾರ್ಯದರ್ಶಿಗಳು ಒಪ್ಪಿಸಿದ ಹೊಣೆ ಒಂದು ಹಗ್ಗ. ಶಾಮಿಯಾನದವನ ಗಾಡಿಯಿಂದ ಎಳೆದು ತಂದ ತೆಂಗಿನ ನಾರಿನ ಹಗ್ಗ, ಹೆಬ್ಬೆರಳಿನ ದಪ್ಪ. ಓಟ ಮುಗಿಯುವ ಗೆರೆಯ ಹತ್ತಿರ ಮಕ್ಕಳು ನುಗ್ಗದಂತೆ ಅದನ್ನು ಅಡ್ಡ ಹಿಡಿದು ನಿಲ್ಲಬೇಕು. ಓಟ ನಡೆಯುವಾಗ ಪಕ್ಕಕ್ಕೆ ಎಳೆದುಕೊಳ್ಳಬೇಕು, ಮುಗಿದ ತಕ್ಷಣ ಮತ್ತೆ ಅಡ್ಡ ಹಿಡಿಯಬೇಕು. ಇದೇ ಕ್ರೀಡೆಗೆ ನಮ್ಮ ಸೇವೆ.

ನನ್ನ ಜೊತೆಗಾರ ತನ್ನ ತುದಿಯನ್ನು ಮೊಣಕೈಗೆ ಸುತ್ತಿಕೊಂಡು, ಆ ಕಡೆಯಿಂದಲೇ ಕೇಳಿದ: "ಲೇ, ಈ ಅಗ್ಗ ಇಡ್ಕಳಾಕೆ ಒಂದ್ ವರ್ಸ ಓದ್ಬೇಕಾಗಿತ್ತೇನ್ಲಾ? ನಮ್ಮಟ್ಟೀಲಿ ಎಮ್ಮೆ ಕಟ್ಟೋದ್ರಲ್ಲೇ ಪಾಸಾಗ್ಬುಟ್ಟಿದ್ನಲ್ಲ."

ಹಗ್ಗದ ಮಹಿಮೆಯನ್ನು ಕಾರ್ಯದರ್ಶಿಗಳು ಮೈಕಿನಲ್ಲಿ ಸಾರಿದರು. ಹಗ್ಗ ಎಂದರೆ ಶಿಸ್ತು. ಹಗ್ಗವನ್ನು ದಾಟುವುದು ಹಾಗಿರಲಿ, ಮುಟ್ಟಿದ ಮಗುವನ್ನು ಕೂಡ ಮೈದಾನದಿಂದ ಆಚೆ ಹಾಕಲಾಗುವುದು, ಆ ಮಗುವಿನ ಶಾಲೆಯನ್ನೂ ಆಚೆ ಹಾಕಲಾಗುವುದು. ಬರೀ ಬಾಯಿಮಾತಿನಲ್ಲಿ ಬಿಟ್ಟರೆ ಮಕ್ಕಳ ತಲೆಗೆ ಇಳಿಯುವುದಿಲ್ಲವೆಂದು, ಹಗ್ಗಕ್ಕೆ ಮೈ ತಗುಲಿಸಿದ ಇಬ್ಬರನ್ನು ಹೊಂಗೆ ಬರಲಿನಿಂದ ನಾಲ್ಕು ಬಾರಿಸಿ, ಇಡೀ ತಾಲ್ಲೂಕಿನ ಶಾಲೆಗಳ ಎದುರಿಗೆ ಗೇಟಿನವರೆಗೆ ನಡೆಸಿದರು. ಇದಾದ ಮೇಲೆ ನಾವು ಹಗ್ಗ ಎತ್ತಿದರೆ ಸಾಕು, ಮಕ್ಕಳು ಒಂದು ಮಾರು ದೂರದಲ್ಲೇ ತಡೆದು ನಿಲ್ಲುತ್ತಿದ್ದವು. ದೇವಸ್ಥಾನದಲ್ಲಿ ಗರ್ಭಗುಡಿಯ ಹೊಸ್ತಿಲಿಗೂ ಅಷ್ಟು ಭಯಭಕ್ತಿ ತೋರಿದ್ದನ್ನು ನಾನು ಕಂಡಿರಲಿಲ್ಲ.

ಗೆದ್ದವರು ಎದೆಯಿಂದ ಕೀಳುವುದಕ್ಕೆ ಬೇರೆ ದಾರವಿತ್ತು. ಕಾರ್ಯದರ್ಶಿಗಳ ಮನೆಯಾಕೆ ಸ್ವೆಟರು ಹೆಣೆದು ಮಿಕ್ಕಿದ ಕೆಂಪು ಉಲ್ಲನ್ ದಾರ, ಒಂದೇ ಒಂದು ಎಳೆ. ಒಬ್ಬರು ಕಿತ್ತ ಮೇಲೆ ಅದನ್ನು ಈಸಿಕೊಂಡು, ಗಂಟು ಹಾಕಿ, ಮುಂದಿನ ಓಟಕ್ಕೆ ಹಿಡಿಯುವುದು. ಹಿಂದಿನ ವರ್ಷದ ಗಂಟುಗಳೂ ಅದರಲ್ಲಿದ್ದವು.

ಇನ್ನು ಅಂದಿನ ಮುಖ್ಯ ಘಟನೆ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು: ಮುಖ್ಯ ಅತಿಥಿಗಳ ಸಮ್ಮುಖದಲ್ಲಿ ಬಾಲಕಿಯರ ನಾನೂರು ಮೀಟರ್ ಓಟದ ಶುಭಾರಂಭ. ಅತಿಥಿಗಳು ಅಕ್ಕಿ ಗಿರಣಿಯ ಯಜಮಾನರು. ಓಟಕ್ಕೂ ಅವರಿಗೂ ಇದ್ದ ನಂಟು ಇಷ್ಟೆ, ಶಾಮಿಯಾನ ಅವರು ಹಾಕಿಸಿಕೊಟ್ಟದ್ದು. ಅವರ ಆಗಮನವಾಗುತ್ತಿದ್ದಂತೆ ಸೀಟಿ, ಸೀಟಿ ಕೇಳುತ್ತಿದ್ದಂತೆ ಓಟ, ಓಟದ ಹೊತ್ತಿಗೆ ಸರಿಯಾಗಿ ಸ್ಟುಡಿಯೋದವನ ಫೋಟೋ, ಇದು ಕಾರ್ಯದರ್ಶಿಗಳ ಯೋಜನೆ. ಹುಡುಗಿಯರನ್ನು ಬೆಳಗಿನಿಂದ ಗೆರೆಯ ಮೇಲೆ ನಿಲ್ಲಿಸಿದ್ದರು. ಬಿಸಿಲು ಏರಿತು. ಅತಿಥಿಗಳು ಬರಲಿಲ್ಲ. ಗೆರೆಯ ಸುಣ್ಣ ಹುಡುಗಿಯರ ಕಾಲಿಗೇ ಹತ್ತಿ ಗೆರೆ ಮಾಯವಾಯಿತು. ನಾವು ಮತ್ತೆ ಎಳೆದೆವು.

ಅಷ್ಟರಲ್ಲಿ ಗೇಟಿನ ಆಚೆ ಧೂಳೆದ್ದಿತು. ಧೂಳಿನ ನಡುವೆ ಒಂದು ಜೀಪು. ಕಾರ್ಯದರ್ಶಿಗಳು ಎದೆ ಉಬ್ಬಿಸಿ ಸೀಟಿ ಊದಿಯೇಬಿಟ್ಟರು. ಬ್ಯಾಂಡಿನವರು ಬಾರಿಸಿದರು. ಹುಡುಗಿಯರು ಹಾರಿದರು. ಮೈದಾನದ ಸುತ್ತು ಇನ್ನೂರು ಮೀಟರಿನದು, ಎರಡು ಸುತ್ತು ಓಡಬೇಕು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಜೀಪಿನಿಂದ ಒಬ್ಬರು ಇಳಿದು, ಹಾರ ಹಿಡಿದು ನಿಂತಿದ್ದವರನ್ನು ದಾಟಿ ಬಂದು, ದನದ ಆಸ್ಪತ್ರೆಗೆ ಯಾವ ಕಡೆ ಹೋಗಬೇಕು ಎಂದು ಕೇಳಿದರು. ಪಶುವೈದ್ಯರು. ಹೊಸದಾಗಿ ವರ್ಗವಾಗಿ ಬಂದವರು, ಪಾಪ. ದಾರಿ ಕೇಳಿಕೊಂಡು ಹೋದರು. ಆ ವರ್ಷದ ನರಸೀಪುರ ತಾಲ್ಲೂಕಿನ ಬಾಲಕಿಯರ ನಾನೂರು ಮೀಟರ್ ಓಟ ಹೀಗೆ ಪಶುವೈದ್ಯ ಇಲಾಖೆಯ ಗೌರವಾರ್ಥ ನಡೆಯಿತು.

ಆದರೆ ಓಟ ಓಟವೇ. ಎರಡನೆಯ ಸುತ್ತಿನಲ್ಲಿ ಒಬ್ಬ ಹುಡುಗಿ ಉಳಿದವರನ್ನು ತುಂಬ ಹಿಂದೆ ಬಿಟ್ಟು ಬಂದಳು. ತಲಕಾಡು ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯವಳು. ಬರಿಗಾಲು, ಲಂಗದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಕಡೆಯ ಮಕ್ಕಳು ಮರಳಲ್ಲಿ ನಡೆದು ಬೆಳೆದವು, ಗಟ್ಟಿ ನೆಲ ಸಿಕ್ಕರೆ ಕಾಲು ನಿಲ್ಲುವುದಿಲ್ಲ. ದಾರ ಅವಳ ಎದೆಗೆ ತಗುಲಿ ಕಿತ್ತುಹೋಯಿತು. ಅವಳು ನಿಲ್ಲದೆ, ದಾರವನ್ನು ಹಾಗೇ ಎಳೆದುಕೊಂಡು ಹೊಂಗೆಮರದ ಕೆಳಗೆ ಹೋಗಿ ಕೂತಳು. ಹಿಮ್ಮಡಿಯ ಚರ್ಮ ಸುಲಿದಿತ್ತು.

ಹಿಂದೆಯೇ ಅವಳ ಶಾಲೆಯ ಹಿಂದಿ ಟೀಚರು ನೀರಿನ ಚೊಂಬು ಹಿಡಿದು ಬಂದರು. ಆ ಶಾಲೆಯಲ್ಲಿ ಡ್ರಿಲ್ ಮೇಷ್ಟರಿಲ್ಲ, ಅದಕ್ಕೇ ಓಡುವ ಹುಡುಗಿ ಇದ್ದಳು ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಟೀಚರು ಮಾತಿನ ಮಧ್ಯೆ ಹೇಳಿದ ಕಥೆ ಇದು. ಹುಡುಗಿಯ ಅಕ್ಕನನ್ನು ನಂಜನಗೂಡಿಗೆ ಕೊಟ್ಟಿದ್ದರು, ಭಾವ ಅಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಯಾವುದೋ ನಾಮಕರಣದಲ್ಲಿ ಭಾವನ ಕಡೆಯವರನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ಅವನು ಎಲೆ ಬಿಟ್ಟು ಎದ್ದ. ಎದ್ದವನನ್ನು ಯಾಕೆ ಕೂರು ಅನ್ನಬೇಕು ಎಂದು ಅಪ್ಪ ಸುಮ್ಮನಾದ. ಒಂದು ಪಂಕ್ತಿಯ ಅನ್ನದಲ್ಲಿ ಎರಡು ಮನೆಗಳ ಬಾಗಿಲು ಮುಚ್ಚಿದವು. ಅಂದಿನಿಂದ ಅಕ್ಕನ ಮುಖ ಯಾರೂ ನೋಡಿಲ್ಲ. ಅಕ್ಕನಿಗೆ ಮಗುವಾಗಿದೆಯಂತೆ, ಅದನ್ನೂ ಕಂಡಿಲ್ಲ. ಆ ವರ್ಷ ಜಿಲ್ಲಾ ಮಟ್ಟದ ಕೂಟ ನಂಜನಗೂಡಿನಲ್ಲಿ. ತಾಲ್ಲೂಕಿಗೆ ಮೊದಲು ಬಂದವರನ್ನು ಶಾಲೆಯವರೇ ಕರೆದುಕೊಂಡು ಹೋಗುತ್ತಾರೆ. ಸ್ಕೂಲಿನ ಕೆಲಸ ಎಂದರೆ ಅಪ್ಪ ಬೇಡ ಅನ್ನಲಾರ. ಅಕ್ಕನಿಗೆ ಆಗಲೇ ಹೇಳಿಕಳಿಸಿ ಆಗಿದೆ. ಇಷ್ಟಕ್ಕೇ ಹುಡುಗಿ ಓಡಿದ್ದು. ಕ್ರೀಡಾ ಮನೋಭಾವ ಎಂದು ಮೈಕಿನಲ್ಲಿ ಬೆಳಗಿನಿಂದ ಕೂಗುತ್ತಿದ್ದರಲ್ಲ, ಅದು ಆ ಮೈದಾನದಲ್ಲಿ ಇದ್ದದ್ದೇ ಆದರೆ ಹೀಗಿತ್ತು.

ನಾನು ದಾರ ಕೇಳಲು ಹೋದೆ. ಅವಳು ಅದನ್ನು ಮುಂಗೈಗೆ ಸುತ್ತಿಕೊಂಡುಬಿಟ್ಟಿದ್ದಳು.

"ಕೊಡಾಕಿಲ್ಲ ಸಾ. ನಾನ್ ಕಿತ್ತಿದ್ದು."

ಮುಂದಿನ ಓಟಕ್ಕೆ ಬೇಕು, ಇರುವುದು ಒಂದೇ ದಾರ ಎಂದು ಕಾರ್ಯದರ್ಶಿಗಳ ಗಾಂಭೀರ್ಯದಲ್ಲೇ ಹೇಳಿದೆ.

"ಕಾಗ್ದ ತೋರ್ಸುದ್ರೆ ನಮ್ಮಪ್ಪುಂಗೆ ಓದಾಕ್ ಬರಾಕಿಲ್ಲ. ಇದ್ನ ತೋರ್ಸ್ತೀನಿ. ಇದು ಫಸ್ಟ್ ಬಂದೋರ್ಗೆ ತಾನೆ?"

ಹಿಂತಿರುಗಿ ಬಂದು, ದಾರ ಸಿಗುವಂತಿಲ್ಲ ಎಂದು ವರದಿ ಒಪ್ಪಿಸಿದೆ. ಜೊತೆಗಾರ ಮೀಸೆಯಲ್ಲೇ ನಕ್ಕ.

ಕೊನೆಗೂ ಮುಖ್ಯ ಅತಿಥಿಗಳು ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಹಾರ, ಪ್ರಾರ್ಥನೆ, ಸ್ವಾಗತ, ಪಥಸಂಚಲನ ಮುಗಿದ ಮೇಲೆ ಕಾರ್ಯದರ್ಶಿಗಳು ಮೈಕು ಹಿಡಿದು, ಇದೀಗ ಬಾಲಕಿಯರ ನಾನೂರು ಮೀಟರ್ ಓಟ ಎಂದು ಘೋಷಿಸಿದರು. ಹಿಂದಿ ಟೀಚರು ಓಡಿಬಂದು, ಓಟ ಆಗಿಹೋಗಿದೆಯಲ್ಲ ಸಾರ್ ಎಂದರು. ಕಾರ್ಯದರ್ಶಿಗಳು ಮೈಕನ್ನು ಅಂಗೈಯಿಂದ ಮುಚ್ಚಿ ಅವರಿಗೆ ಕ್ರೀಡೆಯ ಮೂಲತತ್ವವನ್ನು ತಿಳಿಸಿದರು. ಈ ತಾಲ್ಲೂಕಿನ ಪದ್ಧತಿಯಲ್ಲಿ ಅತಿಥಿಗಳು ನೋಡದ ಓಟ ಓಟವಲ್ಲ. ಅದು ಅಭ್ಯಾಸ. ಅತಿಥಿಗಳ ಎದುರಿಗೆ ಯಾರು ಮುಂದೆ ಬರುತ್ತಾರೋ ಅವರೇ ಮೊದಲು, ಅವರಿಗೇ ಪದಕ, ಅವರೇ ಜಿಲ್ಲೆಗೆ. ಕಾರ್ಡಿನಲ್ಲಿ ಅಚ್ಚಾಗಿದೆ, ಬೇಕಾದರೆ ಓದಿಕೊಳ್ಳಿ.

"ಆ ಹುಡುಗಿಯ ಕಾಲು ನೋಡಿ ಸಾರ್."

"ಎಲ್ಲರಿಗೂ ಕಾಲಿದೆ ಮೇಡಂ. ಓಡದಿದ್ದರೆ ಬಿಡಲಿ. ಬಲವಂತ ಇಲ್ಲ."

ಹುಡುಗಿ ಎದ್ದಳು. ಬೈದಾಳು, ಅತ್ತಾಳು ಎಂದುಕೊಂಡಿದ್ದೆ. ಎರಡೂ ಇಲ್ಲ. ದಾರ ಸುತ್ತಿದ ಕೈಯಿಂದ ಲಂಗವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಊರದಂತೆ ತುದಿಗಾಲಲ್ಲಿ ನಡೆದು ಹೋಗಿ ಗೆರೆಯ ಮೇಲೆ ನಿಂತಳು.

ಆಗ ಕಾರ್ಯದರ್ಶಿಗಳಿಗೆ ನೆನಪಾಯಿತು, ಕೀಳಲು ದಾರವಿಲ್ಲ. ದಾರವಿಲ್ಲದ ಫೋಟೋಕ್ಕೆ ಅರ್ಥವಿಲ್ಲ. ಅವರ ಕಣ್ಣು ನಮ್ಮ ಹಗ್ಗದ ಮೇಲೆ ಬಿತ್ತು. ಇದನ್ನೇ ಎಳೆದು ಹಿಡಿಯಿರಿ ಎಂದರು, ಸೊಂಟದೆತ್ತರಕ್ಕೆ, ಒಂದಿಷ್ಟೂ ಜೋಲಬಾರದು, ಫೋಟೋದಲ್ಲಿ ಚೆನ್ನಾಗಿ ಕಾಣಬೇಕು.

ಜೊತೆಗಾರ ತನ್ನ ಕಡೆಯಿಂದ ಒಂದು ತಾಂತ್ರಿಕ ಸಂಶಯ ಮಂಡಿಸಿದ: "ಸಾ, ಇದು ಕಿತ್ಕಳಾಕಿಲ್ಲ. ಎತ್ತು ಕಟ್ಟೋ ಅಗ್ಗ ಇದ್ದಂಗದೆ."

"ಕಿತ್ತುಕೊಳ್ಳೋದು ಬೇಡ್ರಯ್ಯ. ಮೊದಲನೆಯವಳು ಬಂದು ಮುಟ್ಟಿದ ತಕ್ಷಣ ಕೈ ಬಿಡಿ. ಅಷ್ಟೂ ಗೊತ್ತಾಗಲ್ವೆ ನಿಮಗೆ? ಏನು ಕಲಿಸ್ತಾರೋ ಮೈಸೂರಲ್ಲಿ."

ಅತಿಥಿಗಳು ಸೀಟಿ ಊದಿದರು. ಅಂದರೆ, ಊದಲು ಹೋದರು, ಗಾಳಿ ಬಂತು. ಕಾರ್ಯದರ್ಶಿಗಳು ಹಿಂದಿನಿಂದ ತಮ್ಮ ಎರಡನೆಯ ಸೀಟಿ ಊದಿದರು. ಓಟ ಶುರುವಾಯಿತು.

ಬೆಳಗಿನ ಓಟದ ಛಾಯೆಯೂ ಇದಕ್ಕಿರಲಿಲ್ಲ. ಎಲ್ಲರ ಕಾಲೂ ಸೋತಿದ್ದವು. ತಲಕಾಡು ಕಡೆಯ ಹುಡುಗಿ ಮೊದಲ ಸುತ್ತಿನಲ್ಲಿ ಮುಂದಿದ್ದಳು. ಅವರೆಲ್ಲ ಗೆರೆ ದಾಟಿ ಹೋದ ಮೇಲೆ ನಾವು ಹಗ್ಗವನ್ನು ಅಡ್ಡ ಎಳೆದು ಹಿಡಿದೆವು. ಎರಡನೆಯ ಸುತ್ತಿನ ತಿರುವಿನಲ್ಲಿ ಹಿಮ್ಮಡಿ ನೆಲಕ್ಕೂರಿತು, ಕುಂಟಿದಳು. ಒಬ್ಬಳು ದಾಟಿದಳು. ಮತ್ತೊಬ್ಬಳು ದಾಟಿದಳು. ಟೀಚರು ಹೊಂಗೆಮರದ ಕೆಳಗೆ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿ ಚೊಂಬು ಉರುಳಿ ಬಿದ್ದಿತ್ತು. ಅಲ್ಲಿಗೆ ಅಕ್ಕನ ಮನೆಯ ಬಾಗಿಲು ಇನ್ನೊಂದು ಸಲ ಮುಚ್ಚಿತು ಎಂದುಕೊಂಡೆ.

ಮುಂದಿದ್ದ ಹುಡುಗಿ ಗೆರೆಯ ಹತ್ತಿರ ಬಂದಳು. ತಲೆ ಎತ್ತಿದಳು. ಎದುರಿಗೆ ಹಗ್ಗ. ಬೆಳಗಿನಿಂದ ಮುಟ್ಟಿದವರನ್ನು ಬಾರಿಸಿ ಹೊರಗೆ ಹಾಕಿದ ಅದೇ ಹಗ್ಗ, ಅದೇ ಇಬ್ಬರು ಹಿಡಿದುಕೊಂಡದ್ದು, ಬೆಳಗಿಗಿಂತ ಬಿಗಿಯಾಗಿ. ಬಲಗಾಲನ್ನು ಮುಂದೆ ಕೊಟ್ಟು, ಧೂಳೆಬ್ಬಿಸಿ, ಒಂದು ಮಾರು ಈಚೆಗೆ ನಿಂತುಬಿಟ್ಟಳು. ಎರಡನೆಯವಳು ಬಂದು ಅವಳ ಪಕ್ಕಕ್ಕೆ ನಿಂತಳು. ತಲಕಾಡು ಕಡೆಯವಳು ಕುಂಟಿಕೊಂಡು ಬಂದು ಸೇರಿಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಏದುಸಿರು ಬಿಡುತ್ತ, ಹಗ್ಗಕ್ಕೆ ಒಂದು ಮಾರು ದೂರದಲ್ಲಿ ಎಲ್ಲರೂ ಸಾಲಾಗಿ ನಿಂತರು. ಇಷ್ಟು ಶಿಸ್ತಿನ ಓಟವನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ನಾವು ಹಗ್ಗ ಬಿಡಲಿಲ್ಲ. ಯಾರೂ ಮುಟ್ಟಿರಲಿಲ್ಲವಲ್ಲ.

ಮುಂದಿದ್ದ ಹುಡುಗಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಾರ್ಯದರ್ಶಿಗಳ ಮುಖ ನೋಡಿದಳು. "ಮುಟ್ಬೋದಾ ಸಾ?"

ಕಾರ್ಯದರ್ಶಿಗಳ ಬಾಯಲ್ಲಿ ಸೀಟಿಯಿತ್ತು. ಮಾತು ಬರಬೇಕಾದ ಜಾಗದಲ್ಲಿ ಸೀಟಿಯ ಸದ್ದು ಬಂತು. ಹಗ್ಗದ ಹತ್ತಿರ ಸೀಟಿ ಎಂದರೆ ನಿಲ್ಲು ಎಂದು ಬೆಳಗಿನಿಂದ ಕಲಿತಿದ್ದ ಮಕ್ಕಳು ಇನ್ನೂ ನೆಟ್ಟಗೆ ನಿಂತರು. ಸ್ಟುಡಿಯೋದವನು ಫೋಟೋ ತೆಗೆದ. ಅವನಿಗೆ ಹೇಳಿದ್ದು ಹಗ್ಗದ ಹತ್ತಿರ ಬಂದಾಗ ಒತ್ತು ಎಂದು, ಒತ್ತಿದ.

ವೇದಿಕೆಯಿಂದ ಅತಿಥಿಗಳು, ಇದ್ಯಾಕೆ ಎಲ್ಲ ಕ್ಯೂ ನಿಂತಿದಾರೆ ಎಂದು ಕೇಳಿದರು. ಸೊಸೈಟಿಯಲ್ಲಿ ಸಕ್ಕರೆಗೆ ನಿಂತಂತೆ ಕಂಡಿರಬೇಕು. ಮೂವರು ತೀರ್ಪುಗಾರರು ಮೂರು ವಾದ ಹೂಡಿದರು. ಗೆರೆ ದಾಟದೆ ಓಟ ಮುಗಿಯಲಿಲ್ಲ ಎಂದರು ಒಬ್ಬರು, ನಿಂತ ಕ್ರಮವೇ ಕ್ರಮ ಎಂದರು ಇನ್ನೊಬ್ಬರು, ಮತ್ತೊಮ್ಮೆ ಓಡಿಸೋಣ ಎಂದ ಮಹನೀಯರು ಮೂರನೆಯವರು. ಈ ಮೂವರೂ ಮಕ್ಕಳಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದವರು.

ಅಷ್ಟರಲ್ಲಿ ಹಿಂದಿ ಟೀಚರು ಯಾರನ್ನೂ ಕೇಳದೆ ವೇದಿಕೆ ಹತ್ತಿ ಅತಿಥಿಗಳ ಎದುರಿಗೆ ಕೈಮುಗಿದು ನಿಂತರು. "ಬೆಳಿಗ್ಗೆ ಈ ಓಟ ಆಗಿದೆ. ಎಲ್ಲರೂ ನೋಡಿದಾರೆ. ಗೆದ್ದವಳು ದಾರ ಕಿತ್ತಿದಾಳೆ. ಅವಳ ಕೈ ನೋಡಿ ಸ್ವಾಮಿ, ಅಲ್ಲೇ ಇದೆ."

ಅತಿಥಿಗಳು ವಿವೇಕಿಗಳೆಂದು ಮುಂದೆ ಕೆಲವರು ಹೇಳಿದ್ದುಂಟು. ನಾನು ಹತ್ತಿರದಿಂದ ಕಂಡ ಹಾಗೆ ಅವರಿಗೆ ಹಸಿವಾಗಿತ್ತು. ಶಾಮಿಯಾನದ ಹಿಂದಿನಿಂದ ಒಗ್ಗರಣೆಯ ವಾಸನೆ ಬೇರೆ ಬರುತ್ತಿತ್ತು. ಹುಡುಗಿಯನ್ನು ಕರೆಸಿ ಮುಂಗೈ ನೋಡಿದರು. "ದಾರ ಇರೋದು ಇವಳ ಹತ್ರ ತಾನೆ? ಮತ್ತೆ ಇನ್ನೇನ್ರೀ ಮಾತು?" ಎಂದು ಪದಕವನ್ನು ಅವಳ ಕೊರಳಿಗೆ ಹಾಕಿ, ಊಟದ ಕಡೆ ತಿರುಗಿದರು. ಅತಿಥಿಗಳು ಕಂಡದ್ದೇ ಸತ್ಯ ಎಂಬುದು ಆ ತಾಲ್ಲೂಕಿನ ಪದ್ಧತಿಯಾದ್ದರಿಂದ ಕಾರ್ಯದರ್ಶಿಗಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮಿಬ್ಬರ ಹತ್ತಿರ ಬಂದು, ನೀವು ಈ ಜನ್ಮದಲ್ಲಿ ಮೇಷ್ಟರಾಗುವುದಿಲ್ಲ ಎಂದು ಶಾಪ ಕೊಟ್ಟರು. ಆ ಶಾಪ ಫಲಿಸಲಿಲ್ಲ. ಫಲಿಸಿದ್ದರೆ ನನಗೆ ಒಳ್ಳೆಯದೇ ಆಗುತ್ತಿತ್ತು, ಆ ಮಾತು ಬೇರೆ.

ಜಿಲ್ಲಾ ಕೂಟಕ್ಕೆ ನನ್ನದೇ ಊರಿನಲ್ಲಿ ಮತ್ತೆ ಸ್ವಯಂಸೇವೆ ಬಿತ್ತು. ರಟ್ಟಿನ ತುಂಡು ಸ್ವಲ್ಪ ದೊಡ್ಡದಾಗಿತ್ತು. ಹಗ್ಗ ಇಲ್ಲೂ ಇತ್ತು, ಜೊತೆಗಾರನೂ ಇದ್ದ. ನರಸೀಪುರದ ಕಾರ್ಯದರ್ಶಿಗಳು ಇಲ್ಲಿ ಜನಸಂದಣಿಯ ಮೇಲ್ವಿಚಾರಕರು, ಎದೆಯ ಮೇಲಿನ ಹೂವಿನ ಬಾಲ ಹೋಗಿತ್ತು, ಗಂಟಲು ಹಾಗೇ ಇತ್ತು. ನಮ್ಮನ್ನು ನೋಡಿದ ಕೂಡಲೇ, ಈ ಸಲ ಪ್ರಾಣ ಹೋದರೂ ಹಗ್ಗ ಬಿಡಕೂಡದು, ಹೊರಗಿನವರು ಒಬ್ಬರೂ ಒಳಗೆ ಬರಕೂಡದು ಎಂದು ಅಪ್ಪಣೆ ಕೊಡಿಸಿದರು.

ಹುಡುಗಿ ಓಡಿದಳು. ಎಲ್ಲ ತಾಲ್ಲೂಕುಗಳ ಹುಡುಗಿಯರೂ ಬೂಟು ಹಾಕಿಕೊಂಡು ಬಂದಿದ್ದರು, ಇವಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಕಡೆಯವಳಾಗಿ ಬಂದಳು. ಓಡುವಾಗಲೂ ಅವಳ ಕಣ್ಣು ಹಾದಿಯ ಮೇಲಿರಲಿಲ್ಲ, ಹಗ್ಗದ ಆಚೆಯ ಜನರ ಮೇಲಿತ್ತು. ಗೆರೆ ದಾಟಿದ ಮೇಲೆ ಹಾಗೇ ನಿಂತು ಹುಡುಕುತ್ತಿದ್ದಳು. ಮುಂಗೈಯಲ್ಲಿ ಕೆಂಪು ದಾರ ಇನ್ನೂ ಇತ್ತು, ಬಣ್ಣ ಸ್ವಲ್ಪ ಮಾಸಿತ್ತು.

ಆಗ ನನ್ನ ಕಡೆಯ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಸೊಂಟದಲ್ಲಿ ಒಂದು ಕೂಸು, ಇನ್ನೊಂದು ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಹಗ್ಗದವರೆಗೆ ಬಂದು ನಿಂತಳು. ಮುಟ್ಟಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ. ಹಗ್ಗದ ಮೇಲಿನಿಂದ ಆ ಹುಡುಗಿಯನ್ನು ನೋಡುತ್ತ ಕೂಸಿನ ಕಿವಿಯಲ್ಲಿ ಏನೋ ಹೇಳಿದಳು.

ಹಿಂದಿನಿಂದ ಮೇಲ್ವಿಚಾರಕರ ಎರಡನೆಯ ಸೀಟಿ ಕೇಳಿಸಿತು. "ಏಯ್ ವಾಲಂಟಿಯರ್, ಬಿಗಿಯಾಗಿ ಹಿಡಿಯಯ್ಯ."

ಜೊತೆಗಾರ ಆ ತುದಿಯಿಂದ ನನ್ನನ್ನು ನೋಡಿದ. ನಾರಿನ ಹಗ್ಗ, ಬೆಳಗಿನಿಂದ ಹಿಡಿದು ಅಂಗೈ ಉರಿಯುತ್ತಿತ್ತು. ನನ್ನ ತುದಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ನಾನು ಬಗ್ಗಿದೆ. ಬಗ್ಗಿ, ತುದಿಯಲ್ಲಿ ಬಿಚ್ಚಿಕೊಂಡಿದ್ದ ನಾರುಗಳನ್ನು ಒಂದೊಂದಾಗಿ ಹೊಸೆದು ಸರಿಮಾಡುತ್ತ ಕೂತೆ. ಶಿಸ್ತಿನ ಕೆಲಸ, ಅವಸರದಲ್ಲಿ ಆಗುವಂಥದಲ್ಲ.